ನನ್ನ ಲಾಗ್‌ನಲ್ಲಿ ಏನೂ ಇಲ್ಲ

ಮೂರು ಸಲ ಕ್ಲೋಸ್ ಆದ ಟಿಕೆಟ್ (ಬಗ್ ದೂರಿನ ದಾಖಲೆ) ಅದು. ಮೂರು ಸಲವೂ ಕ್ಲೋಸ್ ಮಾಡಿದ್ದು ನಾನೇ. ಬರೆದ ಕಾರಣವೂ ಒಂದೇ: ‘ಕ್ಯಾನಾಟ್ ರೀಪ್ರೊಡ್ಯೂಸ್, ಲಾಗ್ಸ್ ಕ್ಲೀನ್’. ಅಂದರೆ ಬಗ್ ನನ್ನ ಕೈಗೆ ಸಿಗುತ್ತಿಲ್ಲ, ಆಪ್ ಓಡುವಾಗ ದಾಖಲಾಗುವ ಸಾಲುಗಳಲ್ಲೂ (ಲಾಗ್) ತಪ್ಪಿಲ್ಲ ಅಂತ. ಈಗಲೂ ದಿನದ ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಯಾರಾದರೂ ಆ ಟಿಕೆಟ್ ನಂಬರ್ ಎತ್ತಿದರೆ ನಾನು ಕಾಫಿ ಲೋಟದೊಳಗೆ ಏನೋ ಹುಡುಕುತ್ತಾ ಕೂರುತ್ತೇನೆ.

ಸಾಲ ಕೊಡುವ ಒಂದು ಸಂಸ್ಥೆಗೆ ನಾವು ಆಂಡ್ರಾಯ್ಡ್ ಆಪ್ ಮಾಡಿಕೊಟ್ಟಿದ್ದೆವು. ಅವರ ಏಜೆಂಟರು ಹಳ್ಳಿಗಳಿಗೆ ಹೋಗಿ ಮನೆ ಮುಂದೆ ನಿಂತು ಫಾರ್ಮ್ ತುಂಬುತ್ತಾರೆ. 14 ಫೀಲ್ಡ್‌ಗಳು. ಕೊನೆಯಲ್ಲಿ ಪಾಸ್‌ಬುಕ್ಕಿನ ಫೋಟೋ. ದೂರು ಇದ್ದದ್ದು ಆ ಫೋಟೋ ಬಗ್ಗೆ. ಹಾವೇರಿ ಕಡೆಯ ಒಬ್ಬ ಏಜೆಂಟ್ ಫೋನಿನಲ್ಲಿ ಹೇಳಿದ್ದು ಇಷ್ಟು: ‘ಸರ, ಎಲ್ಲಾ ತುಂಬಿ ಫೋಟೋ ಹೊಡದು ಹೊಳ್ಳಿ ಬಂದ್ರ ಫಾರ್ಮ್ ಖಾಲೀನ ಇರ್ತದ್ರೀ.’

ಇಷ್ಟು ಸ್ಪಷ್ಟವಾದ ಬಗ್ ರಿಪೋರ್ಟ್ ನಮ್ಮ ಟೀಮಿನಲ್ಲೇ ಯಾರೂ ಬರೆಯಲ್ಲ. ಆದರೂ ನನಗೆ ಮೊದಲು ಹೊಳೆದದ್ದು, ಪಾಪ ಬ್ಯಾಕ್ ಬಟನ್ ಒತ್ತಿರಬೇಕು ಅಂತ. ಮ್ಯಾನೇಜರ್‌ಗೆ ಅದು ಬಹಳ ಹಿಡಿಸಿತು. ‘ಯೂಸರ್ ಎಜುಕೇಶನ್ ಇಶ್ಯೂ’ ಅಂತ ಹೆಸರಿಟ್ಟರು. ಎರಡು ಪುಟದ ಪಿಡಿಎಫ್ ಒಂದು ತಯಾರಾಯಿತು. ಬ್ಯಾಕ್ ಬಟನ್ ಒತ್ತಬೇಡಿ ಅಂತ ಕೆಂಪು ಬಾಣ ಹಾಕಿ ತೋರಿಸಿದ್ದೆವು. ಆ ಬಾಣ ಹಾಕಿದ್ದೂ ನಾನೇ.

ನನ್ನ ಫೋನಿನಲ್ಲಿ ಟೆಸ್ಟ್ ಮಾಡಿದ್ದೆ, ಮಾಡಿಲ್ಲ ಅಂತಲ್ಲ. 8 ಜಿಬಿ ರ‍್ಯಾಮ್ ಫೋನ್. ಇಪ್ಪತ್ತು ಸಲ ಫೋಟೋ ತೆಗೆದೆ, ಇಪ್ಪತ್ತು ಸಲವೂ ಫಾರ್ಮ್ ಹಾಗೇ ಇತ್ತು. ಕ್ರ್ಯಾಶ್ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಕೊನೆಗೆ ಕ್ಲೈಂಟ್ ಕಡೆಯವರು ಬೇಸತ್ತು ಏಜೆಂಟ್ ಒಬ್ಬರ ಫೋನನ್ನೇ ಕೊರಿಯರ್‌ನಲ್ಲಿ ಕಳಿಸಿದರು. 2 ಜಿಬಿ ರ‍್ಯಾಮ್, ಆಂಡ್ರಾಯ್ಡ್ 11, ಸ್ಕ್ರೀನಿನ ಮೂಲೆಯಲ್ಲಿ ಬಿರುಕು, ಹಿಂದೆ ಹನುಮಂತನ ಸ್ಟಿಕ್ಕರ್. ಅದರ ಜೊತೆಗೇ ಮಧ್ಯಾಹ್ನ 3 ಗಂಟೆಗೆ ಒಂದು ಕಾಲ್ ಇನ್ವೈಟ್. ಸಬ್ಜೆಕ್ಟ್ ಲೈನಿನಲ್ಲಿ ಮೂರು ಆಶ್ಚರ್ಯಸೂಚಕ ಚಿಹ್ನೆ.

ಕಾಲ್‌ನಲ್ಲಿ ಒಂಬತ್ತು ಜನ. ಕ್ಲೈಂಟ್ ಕಡೆಯ ಹಿರಿಯರು ಕ್ಯಾಮೆರಾ ಆನ್ ಮಾಡಿಕೊಂಡೇ ಕೂತಿದ್ದರು, ಅದು ಯಾವತ್ತೂ ಒಳ್ಳೆ ಲಕ್ಷಣ ಅಲ್ಲ. ನಾನು ಸ್ಕ್ರೀನ್ ಶೇರ್ ಮಾಡಿದೆ. ಒಂದು ಕಡೆ ಆ ಫೋನಿನ ಮಿರರ್, ಇನ್ನೊಂದು ಕಡೆ ಆಂಡ್ರಾಯ್ಡ್ ಸ್ಟುಡಿಯೋದ (ಆಪ್ ಬರೆಯುವ ಟೂಲ್) ಲಾಗ್‌ಕ್ಯಾಟ್, ಅಂದರೆ ಫೋನಿನ ಲಾಗ್ ಸಾಲುಗಳನ್ನು ಬಂದ ಹಾಗೇ ತೋರಿಸುವ ಕಿಟಕಿ. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಖುಷಿ ಇತ್ತು. ಎಲ್ಲರ ಮುಂದೆ ಇವತ್ತು ತೋರಿಸಿಬಿಡ್ತೀನಿ, ನಮ್ಮ ಆಪ್‌ನಲ್ಲಿ ಏನೂ ಇಲ್ಲ ಅಂತ.

14 ಫೀಲ್ಡ್ ತುಂಬಿದೆ. ಫೋಟೋ ಬಟನ್ ಒತ್ತಿದೆ. ಫೋನಿನ ಕ್ಯಾಮೆರಾ ಆಪ್ ತೆವಳಿಕೊಂಡು ತೆರೆಯಿತು. ಮೇಜಿನ ಮೇಲಿದ್ದ ನೀರಿನ ಬಾಟಲಿಯ ಫೋಟೋ ತೆಗೆದು ಓಕೆ ಒತ್ತಿದೆ.

ಬಿಳಿ ಪರದೆ. ಒಂದು ಸೆಕೆಂಡ್. ಎರಡು. ಆಮೇಲೆ ನಮ್ಮ ಫಾರ್ಮ್ ಬಂತು. 14 ಫೀಲ್ಡ್‌ಗಳೂ ಖಾಲಿ.

ಯಾರೂ ಮಾತಾಡಲಿಲ್ಲ. ಆ ಹಿರಿಯರು ಮುಖವನ್ನು ಕ್ಯಾಮೆರಾ ಹತ್ತಿರ ತಂದು, ‘ಯೂಸರ್ ಎಜುಕೇಶನ್?’ ಅಂತ ಮಾತ್ರ ಕೇಳಿದರು.

ಇಲ್ಲಿಂದ ಸುಮಾರು ಹನ್ನೆರಡು ನಿಮಿಷ ನಾನು ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕಣ್ಣೆದುರೇ ಬಗ್ ಆಗಿದೆ. ನಾನು ಲಾಗ್‌ಕ್ಯಾಟ್ ಕಡೆ ಕರ್ಸರ್ ಆಡಿಸುತ್ತಾ, ‘ಆದರೆ ನನ್ನ ಲಾಗ್‌ನಲ್ಲಿ ಏನೂ ಇಲ್ಲ ನೋಡಿ, ಒಂದು ಎರರ್ ಕೂಡ ಇಲ್ಲ’ ಅಂತ ಹೇಳುತ್ತಿದ್ದೇನೆ! ಒಂದು ಸಲವಲ್ಲ, ನಾಲ್ಕೈದು ಸಲ. ಮತ್ತೆ ಫಾರ್ಮ್ ತುಂಬಿದೆ, ಮತ್ತೆ ಖಾಲಿ. ಮತ್ತೆ ಅದೇ ಮಾತು. ಲಾಗ್ ಖಾಲಿ ಇದೆ ಅನ್ನೋದನ್ನು ಸಾಕ್ಷಿಯ ಹಾಗೆ ಮುಂದೆ ಹಿಡಿದಿದ್ದೆ.

ನನ್ನ ಫಿಲ್ಟರ್ ಬಾಕ್ಸ್‌ನಲ್ಲಿ ಇದ್ದದ್ದು ಎರಡೇ ತುಂಡು: ‘ಪ್ಯಾಕೇಜ್:ಮೈನ್ ಲೆವೆಲ್:ಎರರ್’. ನಮ್ಮ ಆಪ್ ಬರೆದದ್ದು ಮಾತ್ರ, ಅದರಲ್ಲೂ ಎರರ್ ಮಾತ್ರ ತೋರಿಸು ಅಂತ. ಆರು ತಿಂಗಳ ಹಿಂದೆ ಯಾವುದೋ ಪೇಮೆಂಟ್ ಬಗ್ ಹುಡುಕುವಾಗ ಬರೆದು, ನಕ್ಷತ್ರ ಒತ್ತಿ ಫೇವರಿಟ್ ಮಾಡಿಟ್ಟದ್ದು. ಸ್ಟುಡಿಯೋ ಎಷ್ಟು ಸಲ ಮುಚ್ಚಿ ತೆರೆದರೂ ಅದು ಅಲ್ಲೇ ಕೂತಿರುತ್ತಿತ್ತು. ಕನ್ನಡಕ ಹಾಕಿಕೊಂಡಿದ್ದೀವಿ ಅನ್ನೋದು ಮರೆತು ಮನೆಯೆಲ್ಲ ಕನ್ನಡಕ ಹುಡುಕ್ತೀವಲ್ಲ, ಅಷ್ಟು ಅಭ್ಯಾಸ ಆಗಿತ್ತು.

ಹಾಗಂತ ನನಗೆ ಯಾವ ಸುಳಿವೂ ಸಿಕ್ಕಿರಲಿಲ್ಲ ಅಂತಲ್ಲ. ಲಾಗ್‌ಕ್ಯಾಟ್ ತಾನಾಗಿಯೇ ಹಾಕುವ ಒಂದು ಗೆರೆ ಇದೆ, ‘ಪ್ರೋಸೆಸ್ ಎಂಡೆಡ್’ ಅಂತ, ಎರಡೂ ಕಡೆ ಉದ್ದಕ್ಕೆ ಅಡ್ಡಗೆರೆಗಳು. ಅದರ ಕೆಳಗೇ ‘ಪ್ರೋಸೆಸ್ ಸ್ಟಾರ್ಟೆಡ್’, ಬೇರೆ ಪಿಐಡಿ (ಓಡುತ್ತಿರುವ ಪ್ರೋಸೆಸ್‌ನ ನಂಬರ್). ಆ ಎರಡೂ ಗೆರೆ ಒಂಬತ್ತು ಜನರ ಕಣ್ಣೆದುರಿಗೇ ಇದ್ದವು. ನಾನು ಅವನ್ನು ಅಲಂಕಾರ ಅಂದುಕೊಂಡೆ. ಇನ್‌ಸ್ಟಾಲ್ ಮಾಡಿದಾಗೆಲ್ಲ ಬರುತ್ತಲ್ಲ, ಹಾಗೆ ಬಂದಿದೆ ಅಂತ.

ಯಾರೋ ‘ಫಿಲ್ಟರ್ ತೆಗೆದು ನೋಡಿ’ ಅಂದರು. ತೆಗೆದೆ. ಅಯ್ಯೋ, ಏನು ಹೇಳಲಿ! ತೂಬು ಕಿತ್ತ ಹಾಗಾಯಿತು. ವೈಫೈ, ಬ್ಲೂಟೂತ್, ಕ್ಯಾಮೆರಾ ಡ್ರೈವರ್, ಬ್ಯಾಟರಿ, ಆ ಫೋನ್ ಕಂಪನಿ ತುಂಬಿ ಕಳಿಸಿದ ನೂರೆಂಟು ಆಪ್‌ಗಳ ಗೊಣಗಾಟ. ಒಂದು ಸಾಲು ಓದುವಷ್ಟರಲ್ಲಿ ನೂರು ಸಾಲು ಮೇಲೆ ಹೋಗುತ್ತಿದ್ದವು. ಹತ್ತು ಸೆಕೆಂಡ್ ಕೂಡ ತಡೆಯಲಿಲ್ಲ ನಾನು. ‘ಇದೆಲ್ಲ ಸಿಸ್ಟಮ್ ನಾಯ್ಸ್, ನಮ್ಮದಲ್ಲ’ ಅಂದು ಹಳೆಯ ಫಿಲ್ಟರ್ ವಾಪಸ್ ಹಾಕಿದೆ. ಪರದೆ ಮತ್ತೆ ಶಾಂತವಾಯಿತು. ನನಗೂ ಸಮಾಧಾನವಾಯಿತು. ಆ ಸಮಾಧಾನವೇ ಯಡವಟ್ಟು.

ಪಕ್ಕದಲ್ಲಿ ಕ್ಯೂಎ (ಟೆಸ್ಟಿಂಗ್) ಹುಡುಗಿ ಕೂತಿದ್ದಳು. ಸೇರಿ ಎಂಟು ತಿಂಗಳಾಗಿತ್ತು. ಮೈಕ್ ಮ್ಯೂಟ್ ಮಾಡಿ, ‘ಸರ್, ಒಂದ್ನಿಮಿಷ ಕೊಡ್ತೀರಾ’ ಅಂತ ಕೀಬೋರ್ಡ್ ತನ್ನ ಕಡೆ ಎಳೆದುಕೊಂಡಳು. ನನ್ನ ಫಿಲ್ಟರ್ ಪೂರ್ತಿ ಅಳಿಸಿದಳು. ಮತ್ತೆ ಪ್ರವಾಹ. ಆದರೆ ಅವಳು ಅದನ್ನು ಓದಲು ಹೋಗಲೇ ಇಲ್ಲ. ಇನ್ನೊಂದು ಸಲ ಫೋಟೋ ತೆಗೆದಳು, ಫಾರ್ಮ್ ಖಾಲಿಯಾದ ತಕ್ಷಣ ಲಾಗ್ ನಿಲ್ಲಿಸುವ ಪಾಝ್ ಬಟನ್ ಒತ್ತಿದಳು. ಬಾಕ್ಸ್‌ನಲ್ಲಿ ‘ಏಜ್:20ಎಸ್’ ಅಂತ ಬರೆದಳು. ಈಚಿನ 20 ಸೆಕೆಂಡಿನ ಲಾಗ್, ಯಾರದ್ದಾದರೂ ಸರಿ. ಆಮೇಲೆ ಜಾಸ್ತಿ ಗಲಾಟೆ ಮಾಡುತ್ತಿದ್ದ ಟ್ಯಾಗ್‌ಗಳನ್ನು (ಸಾಲು ಬರೆದವರ ಹೆಸರು) ಮೈನಸ್ ಹಾಕಿ ಒಂದೊಂದಾಗಿ ಹೊರಗೆ ಕಳಿಸಿದಳು. ಮೊದಲು ವೈಫೈ. ಆಮೇಲೆ ಬ್ಯಾಟರಿ. ನಮ್ಮಮ್ಮ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ತೆಗೆಯುತ್ತಿದ್ದ ಹಾಗೆ. ಕಲ್ಲು ತೆಗೆಯುತ್ತಾರೆಯೇ ಹೊರತು ಅಕ್ಕಿಯನ್ನು ಒಂದೊಂದೇ ಕಾಳು ಹೆಕ್ಕಿ ಯಾರೂ ಅನ್ನ ಮಾಡಲ್ಲ, ಅಲ್ವಾ? ನಾನು ಆರು ತಿಂಗಳಿಂದ ಮಾಡುತ್ತಿದ್ದದ್ದು ಅದನ್ನೇ.

ಸುಮಾರು ನಲವತ್ತು ಸಾಲು ಉಳಿದವು. ‘ಪ್ರೋಸೆಸ್ ಎಂಡೆಡ್’ ಗೆರೆಯ ಸ್ವಲ್ಪ ಮೇಲೆ ಅವಳು ಬೆರಳಿಟ್ಟಳು.

ಟ್ಯಾಗ್: ಲೋ ಮೆಮೊರಿ ಕಿಲ್ಲರ್, ಅಂದರೆ ಮೆಮೊರಿ ಸಾಲದಾಗ ಆಪ್‌ಗಳನ್ನು ಕೊಲ್ಲುವ ಸಿಸ್ಟಮ್‌ನ ಭಾಗ. ಸಾಲು: ಕಿಲ್, ಆಮೇಲೆ ನಮ್ಮ ಆಪ್‌ನ ಪೂರ್ತಿ ಹೆಸರು, ಊಮ್ ಸ್ಕೋರ್ (ಹೆಚ್ಚಿದ್ದಷ್ಟೂ ಮೊದಲು ಸಾವು) 700. ಕೆಳಗೇ ಆಪ್‌ಗಳನ್ನು ನಡೆಸುವ ಆಕ್ಟಿವಿಟಿ ಮ್ಯಾನೇಜರ್‌ನ ಇನ್ನೊಂದು ಸಾಲು: ಈ ಪ್ರೋಸೆಸ್ ಸತ್ತಿದೆ, ‘ಪ್ರೀವ್ ಲಾಸ್ಟ್’ (ಹಿಂದಿನ ಆಪ್).

ಮಿಕ್ಕದ್ದು ಆಂಡ್ರಾಯ್ಡ್ ಬರೆಯುವ ಯಾರಿಗಾದರೂ ಗೊತ್ತು. 2 ಜಿಬಿ ಫೋನ್. ಕ್ಯಾಮೆರಾ ಮುಂದೆ ಬಂತು, ನಾವು ಹಿಂದೆ ಸರಿದೆವು. ಈಗಷ್ಟೇ ಬಿಟ್ಟು ಬಂದ ಆಪ್‌ಗೆ ಸಿಗುವ ಅಂಕ 700. ಕ್ಯಾಮೆರಾಗೆ ಜಾಗ ಸಾಲದೆ ಸಿಸ್ಟಮ್ ನಮ್ಮನ್ನು ಕೊಂದು ಹಾಕಿತು. ವಾಪಸ್ ಬಂದಾಗ ಪ್ರೋಸೆಸ್ ಹೊಸದು. ನ್ಯಾವಿಗೇಶನ್ ಸರಿಯಾಗಿ ಅದೇ ಸ್ಕ್ರೀನಿಗೆ ತಂದು ಬಿಟ್ಟಿತು, ಆದರೆ ಫಾರ್ಮ್‌ನಲ್ಲಿ ತುಂಬಿದ್ದೆಲ್ಲ ಇದ್ದದ್ದು ವ್ಯೂಮಾಡೆಲ್‌ನಲ್ಲಿ, ಅಂದರೆ ಮೆಮೊರಿಯಲ್ಲಿ ಮಾತ್ರ. ಫೋನ್ ತಿರುಗಿಸಿದರೆ ವ್ಯೂಮಾಡೆಲ್ ಉಳಿಯುತ್ತದೆ, ಪ್ರೋಸೆಸ್ ಸತ್ತರೆ ಉಳಿಯಲ್ಲ. ಇದನ್ನು ನಾನು ಇಂಟರ್‌ವ್ಯೂಗಳಲ್ಲಿ ಫ್ರೆಶರ್‌ಗಳನ್ನು ಕೇಳುತ್ತೇನೆ. ಕೇಳಿ, ಉತ್ತರ ಬಾರದಿದ್ದರೆ ಮುಗುಳ್ನಗುತ್ತೇನೆ ಕೂಡ.

ಆ ಸಾಲು ನನಗೆ ಕಾಣದಿರಲು ಎರಡು ಕಾರಣ. ಅದನ್ನು ಬರೆದದ್ದು ನಮ್ಮ ಆಪ್ ಅಲ್ಲ, ಬೇರೆ ಪ್ರೋಸೆಸ್. ಸತ್ತವನು ತನ್ನ ಸಾವಿನ ಸುದ್ದಿ ತಾನೇ ಬರೆಯಲ್ಲ. ಹಾಗಾಗಿ ‘ಪ್ಯಾಕೇಜ್:ಮೈನ್’ ಅದನ್ನು ಒಳಗೆ ಬಿಡಲಿಲ್ಲ. ಇನ್ನೊಂದು, ಅದು ಎರರ್ ಅಲ್ಲ, ಇನ್ಫೋ, ಬರೀ ಮಾಹಿತಿ. ಸಿಸ್ಟಮ್‌ನ ಲೆಕ್ಕದಲ್ಲಿ ನಮ್ಮನ್ನು ಕೊಂದದ್ದು ತಪ್ಪೇ ಅಲ್ಲ, ದಿನನಿತ್ಯದ ಕೆಲಸ. ಕ್ರ್ಯಾಶ್ ಡ್ಯಾಶ್‌ಬೋರ್ಡ್ ಹಸಿರಾಗಿದ್ದದ್ದೂ ಇದಕ್ಕೇ.

ಫಿಕ್ಸ್ ಸಣ್ಣದು. ಪ್ರೋಸೆಸ್ ಸತ್ತರೂ ಉಳಿಯುವ ಸೇವ್ಡ್‌ಸ್ಟೇಟ್‌ಹ್ಯಾಂಡಲ್‌ಗೆ ಫೀಲ್ಡ್‌ಗಳನ್ನು ಹಾಕಿ, ಡ್ರಾಫ್ಟ್ ಅನ್ನು ಡೇಟಾಬೇಸಿನಲ್ಲೂ ಬರೆದಿಟ್ಟೆವು. ಒಂದೂವರೆ ದಿನ. ಆಪ್ ಅನ್ನು ಹಿಂದಕ್ಕೆ ಕಳಿಸಿ ಎಡಿಬಿಯಿಂದ (ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕಳಿಸುವ ಟೂಲ್) ಆಪ್ ಕೊಲ್ಲುವ ‘ಎಎಂ ಕಿಲ್’ ಹೊಡೆದರೆ ನನ್ನ 8 ಜಿಬಿ ಫೋನಿನಲ್ಲೂ ಮೊದಲ ಸಲಕ್ಕೇ ಬಗ್ ಬರುತ್ತಿತ್ತು. ಅದೂ ನನಗೆ ಗೊತ್ತಿದ್ದ ಕಮಾಂಡೇ. ಆಂಡ್ರಾಯ್ಡ್ 11ರಿಂದ ಆಪ್ ಯಾಕೆ ಸತ್ತಿತು ಅನ್ನೋದನ್ನು ಸಿಸ್ಟಮ್ ತಾನೇ ಬರೆದಿಡುತ್ತದೆ. ‘ಡಂಪ್‌ಸಿಸ್’ ಅನ್ನೋ ಕಮಾಂಡ್‌ನಲ್ಲಿ ಎಕ್ಸಿಟ್ ಇನ್ಫೋ ಕೇಳಿದ್ದರೆ ಕಾರಣ 3, ಲೋ ಮೆಮೊರಿ, ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿತ್ತು. ಆ ಹುಡುಗಿಯನ್ನು ಆಮೇಲೆ ಕೇಳಿದೆ, ನಿನಗೆ ಹೇಗೆ ಹೊಳೆಯಿತು ಅಂತ. ‘ಹೊಳೀಲಿಲ್ಲ ಸರ್. ಯಾರು ಮಾಡಿದ್ದು ಅಂತ ಗೊತ್ತಿರಲಿಲ್ಲ, ಯಾವಾಗ ಆಯ್ತು ಅಂತ ಮಾತ್ರ ಗೊತ್ತಿತ್ತು’ ಅಂದಳು. ನನಗೆ ಉಲ್ಟಾ. ಯಾರು ಅಂತ ಮೊದಲೇ ತೀರ್ಮಾನ ಮಾಡಿ, ಆ ತೀರ್ಮಾನದ ಮೇಲೆ ಫಿಲ್ಟರ್ ಹಾಕಿಕೊಂಡು ಕೂತಿದ್ದೆ.

ತಪ್ಪು ನನ್ನದೇ, ಒಪ್ಪಿದೆ. ಆದರೆ ಟೂಲಿನ ಮೇಲೂ ನನಗೆ ಸಿಟ್ಟಿದೆ. ಆಂಡ್ರಾಯ್ಡ್ ಸ್ಟುಡಿಯೋದ 2022ರ ಡಾಲ್ಫಿನ್ ಆವೃತ್ತಿಯಲ್ಲಿ ಲಾಗ್‌ಕ್ಯಾಟ್ ಹೊಸದಾಯಿತು. ಈ ಫಿಲ್ಟರ್ ಭಾಷೆ ಬಂದದ್ದು ಆಗ. ಬಹಳ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಏನೂ ನಡೆದಿಲ್ಲದ ಖಾಲಿಗೂ ಫಿಲ್ಟರ್ ನುಂಗಿದ ಖಾಲಿಗೂ ನನ್ನ ಕಣ್ಣಿಗೆ ಆವತ್ತು ವ್ಯತ್ಯಾಸ ಕಾಣಲಿಲ್ಲ. ಎಷ್ಟು ಸಾಲು ಮರೆಯಾಗಿದೆ ಅಂತ ಒಂದು ಅಂಕಿ ಮೂಲೆಯಲ್ಲಿ ಇದ್ದಿದ್ದರೆ ಸಾಕಿತ್ತು. ಕ್ರೋಮ್‌ನ ನೆಟ್‌ವರ್ಕ್ ಪ್ಯಾನೆಲ್ ನೋಡಿ, ಫಿಲ್ಟರ್ ಹಾಕಿದರೆ ಕೆಳಗಡೆ ‘4 / 212 ರಿಕ್ವೆಸ್ಟ್ಸ್’ ಅಂತ ಬರುತ್ತದೆ. 208 ನಿನ್ನ ಕಣ್ಣಿಗೆ ಬಿದ್ದಿಲ್ಲ ಮಾರಾಯ ಅಂತ ಜ್ಞಾಪಿಸುತ್ತಾ ಇರುತ್ತದೆ. ಅಷ್ಟೇ ಬೇಕಿರೋದು.

ಹಳೆಯ ಆಫೀಸಿನಲ್ಲಿ ಎಕ್ಲಿಪ್ಸ್ (ಕೋಡ್ ಬರೆಯುವ ಟೂಲ್) ಬಳಸುತ್ತಿದ್ದಾಗ ಮೈಲಿನ್ ಅಂತ ಒಂದು ಪ್ಲಗಿನ್ ಇತ್ತು. ನಾವು ಮುಟ್ಟಿದ ಫೈಲುಗಳನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಫೈಲುಗಳ ಪಟ್ಟಿಯಿಂದ ಮರೆಮಾಡುತ್ತಿತ್ತು. ಆರಂಭದಲ್ಲಿ ಸ್ವರ್ಗ. ಅದರಲ್ಲಿ ನನಗೆ ಇಷ್ಟವಾದದ್ದು ಮರೆಮಾಡುವುದಲ್ಲ, ಆಲ್ಟ್ ಹಿಡಿದು ಕ್ಲಿಕ್ ಮಾಡುವುದು. ಹಾಗೆ ಮಾಡಿದರೆ ಆ ಫೋಲ್ಡರ್‌ನಲ್ಲಿ ಅಡಗಿದ್ದದ್ದೆಲ್ಲ ಆ ಕ್ಷಣಕ್ಕೆ ತೆರೆದುಕೊಳ್ಳುತ್ತಿತ್ತು. ಬೇಕಾದ್ದು ಆರಿಸಿಕೊಂಡ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಪರದೆ ಸರಿಸಿ ಹೊರಗೆ ಇಣುಕಿದ ಹಾಗೆ. ಪೂರ್ತಿ ಪ್ರವಾಹವೂ ಬೇಡ, ಪೂರ್ತಿ ಕತ್ತಲೆಯೂ ಬೇಡ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಆಮೇಲೆ ನೋಡಿಲ್ಲ. ಕಂಪ್ಯೂಟರ್ ವಿಜ್ಞಾನಿ ಬೆನ್ ಶ್ನೈಡರ್‌ಮನ್ 1996ರಲ್ಲೇ ಬರೆದಿದ್ದರು, ಮೊದಲು ಇಡೀ ನೋಟ ತೋರಿಸಿ, ಆಮೇಲೆ ಹಿಗ್ಗಿಸಲು, ಸೋಸಲು ಬಿಡಿ, ಕೇಳಿದಾಗ ವಿವರ ಕೊಡಿ ಅಂತ. ಕಾಲೇಜಿನಲ್ಲಿ ಐದು ಮಾರ್ಕಿಗೆ ಅದನ್ನು ಬಾಯಿಪಾಠ ಮಾಡಿದ್ದೆ. ಮಾರ್ಕೂ ಬಂದಿತ್ತು.

ಮ್ಯಾನೇಜರ್ ಆರ್‌ಸಿಎ (ತಪ್ಪಿನ ಮೂಲ ಕಾರಣದ ವರದಿ) ಕೇಳಿದರು, ಐದು ‘ವೈ’ (ಯಾಕೆ) ಇರುವ ಟೆಂಪ್ಲೇಟಿನಲ್ಲಿ. ಮೂರನೇ ‘ವೈ’ಗೆ ‘ಡೆವಲಪರ್ ತನ್ನ ಫಿಲ್ಟರ್ ಮರೆತಿದ್ದ’ ಅಂತ ಬರೆದೆ. ಅದನ್ನು ಅವರು ‘ಲಾಗಿಂಗ್ ವಿಸಿಬಿಲಿಟಿ ಗ್ಯಾಪ್’ ಅಂತ ತಿದ್ದಿ ಕ್ಲೈಂಟ್‌ಗೆ ಕಳಿಸಿದರು. ಕೆಂಪು ಬಾಣದ ಪಿಡಿಎಫ್ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ನಕ್ಷತ್ರ ಹಾಕಿದ್ದ ಆ ಫಿಲ್ಟರನ್ನು ಅಳಿಸಿದೆ. ಈಗ ಒಂದೇ ಬಗ್‌ಗೆ ಎರಡು ಲಾಗ್‌ಕ್ಯಾಟ್ ಟ್ಯಾಬ್ ಇಟ್ಟುಕೊಳ್ಳುತ್ತೇನೆ, ಒಂದರಲ್ಲಿ ನಮ್ಮದು, ಇನ್ನೊಂದರಲ್ಲಿ ಮೈನಸ್ ಹಾಕಿ ಊರಿನದ್ದು. ಅದರಿಂದ ನಾನು ಪೂರ್ತಿ ಬುದ್ಧಿವಂತನಾದೆ ಅಂತ ಸುಮ್ನೆ ಹೇಳಲ್ಲ. ಹೋದ ತಿಂಗಳು ರಿಪ್‌ಗ್ರೆಪ್ ಅನ್ನೋ ಹುಡುಕುವ ಟೂಲಿನಲ್ಲಿ ಒಂದು ಕ್ಲಾಸ್ (ಕೋಡಿನ ತುಂಡು) ಹುಡುಕಿ, ಸೊನ್ನೆ ಫಲಿತಾಂಶ ನೋಡಿ, ‘ಇದು ನಮ್ಮ ಕೋಡ್ ರೆಪೋದಲ್ಲೇ ಇಲ್ಲ’ ಅಂತ ಬ್ಯಾಕೆಂಡ್‌ನವರ ಹತ್ತಿರ ಅರ್ಧ ಗಂಟೆ ವಾದ ಮಾಡಿದ್ದೇನೆ. ಟೂಲ್ ತಾನೇ ತಯಾರಿಸಿದ (ಜನರೇಟೆಡ್) ಫೈಲ್, ಲೆಕ್ಕಕ್ಕೆ ತಗೋಬೇಡ ಅಂತ ಬರೆದಿಡುವ ಗಿಟ್‌ಇಗ್ನೋರ್ ಪಟ್ಟಿಯಲ್ಲಿತ್ತು. ರಿಪ್‌ಗ್ರೆಪ್ ಅಂಥದ್ದನ್ನು ತಾನಾಗಿ ಬಿಟ್ಟುಬಿಡುತ್ತದೆ, ಮೈನಸ್ ಯು ಥರದ ಆಯ್ಕೆ ಹಾಕಿದರೆ ಮಾತ್ರ ನೋಡುತ್ತದೆ.

ಹನುಮಂತನ ಸ್ಟಿಕ್ಕರ್ ಫೋನ್ ವಾಪಸ್ ಹಾವೇರಿಗೆ ಹೋಯಿತು. ಟೆಸ್ಟಿಂಗ್‌ಗೆ ಅಂಥದ್ದೇ ಒಂದು 2 ಜಿಬಿ ಫೋನ್ ಬೇಕು ಅಂತ ರಿಕ್ವೆಸ್ಟ್ ಹಾಕಿದ್ದೆ. ಮೊನ್ನೆ ಪ್ರೊಕ್ಯೂರ್‌ಮೆಂಟ್‌ನವರು ಕೇಳಿದರು, ಇಷ್ಟು ಕಡಿಮೆ ರ‍್ಯಾಮ್ ಇರುವ ಫೋನ್ ಯಾಕೆ, ಬಜೆಟ್ ಇದೆ, 12 ಜಿಬಿದು ತಗೊಳ್ಳಿ ಅಂತ.