ಸತ್ತ ಬ್ಯಾಕ್ಟೀರಿಯಾ ಬಿಟ್ಟುಹೋಗುವ ವಿಷ: ನಮ್ಮ ಲ್ಯಾಬ್ ಕಲಿಸಿದ್ದು

ಇಂಜೆಕ್ಷನ್ ತಯಾರಿಸುವ ಕಂಪನಿಯ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ನನ್ನ ಕೆಲಸ. ಆಟೋಕ್ಲೇವ್ ಅಂದರೆ ಒತ್ತಡದ ಬಿಸಿ ಹಬೆಯಿಂದ ಬ್ಯಾಕ್ಟೀರಿಯಾ ಕೊಲ್ಲುವ ಯಂತ್ರ. ಹೊಸದಾಗಿ ಸೇರಿದವರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಆಟೋಕ್ಲೇವ್ ಆಯ್ತಲ್ಲ, ಬ್ಯಾಕ್ಟೀರಿಯಾ ಒಂದೂ ಉಳಿದಿಲ್ಲ. ಮತ್ತೆ ಎಂಡೋಟಾಕ್ಸಿನ್ ಟೆಸ್ಟ್ ಯಾಕೆ ಮೇಡಂ?”

ಬ್ಯಾಕ್ಟೀರಿಯಾ ಸತ್ತರೂ ಅದರ ವಿಷ ಹೋಗುವುದಿಲ್ಲ, ಅದಕ್ಕೆ. ಇ. ಕೋಲಿಯಂಥ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪದರವೇ ಈ ಎಂಡೋಟಾಕ್ಸಿನ್‌ನ ಮನೆ. ಸತ್ತು ಒಡೆದಾಗ ಅದು ಇನ್ನೂ ಜಾಸ್ತಿ ಹೊರಗೆ ಬರುತ್ತದೆ. ಆಟೋಕ್ಲೇವ್‌ನ 121 ಡಿಗ್ರಿಗೆಲ್ಲ ಜಗ್ಗುವುದಿಲ್ಲ. ಗಾಜಿನ ಸಾಮಾನಾದರೆ 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಡುತ್ತೇವೆ. ಇಂಜೆಕ್ಷನ್‌ಗೆ ಬಳಸುವ ನೀರಿನಲ್ಲಿ ಮಿಲಿಲೀಟರ್‌ಗೆ 0.25 ಎಂಡೋಟಾಕ್ಸಿನ್ ಯೂನಿಟ್ ದಾಟುವ ಹಾಗಿಲ್ಲ. ನೇರವಾಗಿ ರಕ್ತಕ್ಕೆ ಸ್ವಲ್ಪ ಸೇರಿದರೂ ಚಳಿಜ್ವರ ಬರುತ್ತದೆ. ಜಾಸ್ತಿಯಾದರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು.

ಈ ವಿಷ ಒಮ್ಮೆಲೇ ಬರದೆ, ವರ್ಷಗಟ್ಟಲೆ ತೀರಾ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಸೇರುತ್ತಿದ್ದರೆ? ಹೃದಯದ ಕಾಯಿಲೆಯ ಮಾತು ಬರುವುದು ಇಲ್ಲಿ. ನಮ್ಮ ಕರುಳಿನಲ್ಲಿ ಎಂಡೋಟಾಕ್ಸಿನ್ ಯಾವಾಗಲೂ ಇರುತ್ತದೆ. ಕರುಳಿನ ಗೋಡೆ ಅದನ್ನು ತಡೆಯುತ್ತದೆ, ನುಸುಳಿದ್ದನ್ನು ಲಿವರ್ ತೆಗೆದುಹಾಕುತ್ತದೆ. ಆ ಗೋಡೆ ಹದಗೆಟ್ಟರೆ, ಅಥವಾ ವಸಡಿನ ಸೋಂಕು ವಾಸಿಯಾಗದೆ ಉಳಿದರೆ, ಸೋರಿಕೆ ಜಾಸ್ತಿಯಾಗುತ್ತದೆ. ರೋಗನಿರೋಧಕ ಕೋಶಗಳ ಮೇಲಿರುವ ಟಿಎಲ್‌ಆರ್4 ಎಂಬ ಪ್ರೋಟೀನ್ ಎಂಡೋಟಾಕ್ಸಿನ್ ಅನ್ನು ಗುರುತು ಹಿಡಿಯುತ್ತದೆ. ಇದನ್ನು 1998ರಲ್ಲಿ ತೋರಿಸಿಕೊಟ್ಟ ವಿಜ್ಞಾನಿ ಬ್ರೂಸ್ ಬಾಯ್ಟ್ಲರ್ ಅವರಿಗೆ 2011ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಗುರುತು ಹಿಡಿದ ಕೋಶಗಳು ಉರಿಯೂತದ ಸಂದೇಶ ಒಯ್ಯುವ ಇಂಟರ್‌ಲ್ಯೂಕಿನ್‌ಗಳನ್ನು ಬಿಡುತ್ತವೆ, ಲಿವರ್ ಉರಿಯೂತದ ಗುರುತಾದ ಸಿಆರ್‌ಪಿ ಎಂಬ ಪ್ರೋಟೀನ್ ತಯಾರಿಸುತ್ತದೆ. ರಕ್ತನಾಳದ ಒಳಪದರಕ್ಕೆ ಬಿಳಿ ರಕ್ತಕಣಗಳು ಅಂಟಿಕೊಂಡು ಒಳಗೆ ನುಗ್ಗುತ್ತವೆ, ಅಲ್ಲಿರುವ ಕೊಲೆಸ್ಟ್ರಾಲ್ ನುಂಗಿ ಊದುತ್ತವೆ. ಹೀಗೆ ಬೆಳೆದ ಗಡ್ಡೆಯ ಮುಚ್ಚಳ ಉರಿಯೂತದಿಂದ ತೆಳ್ಳಗಾಗಿ ಒಡೆದರೆ ಅಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಅದೇ ಹಾರ್ಟ್ ಅಟ್ಯಾಕ್.

ಹಾಗಾದರೆ ಆಂಟಿಬಯಾಟಿಕ್ ಕೊಟ್ಟರೆ ಮುಗೀತಲ್ಲ, ಅಲ್ವಾ? ಹಾಗಂತ ಪರೀಕ್ಷಿಸಿಯೂ ನೋಡಿದರು. ಹೃದ್ರೋಗಿಗಳಲ್ಲಿ ಕ್ಲಮೈಡಿಯಾ ನ್ಯುಮೋನಿಯೆ ಎಂಬ, ಶ್ವಾಸಕೋಶಕ್ಕೆ ತಗಲುವ ಬ್ಯಾಕ್ಟೀರಿಯಾದ ಸೋಂಕಿನ ಗುರುತು ಜಾಸ್ತಿ ಎಂದು 1988ರಲ್ಲಿ ಫಿನ್ಲೆಂಡ್‌ನ ಸಂಶೋಧಕರು ಹೇಳಿದ್ದರು. 2005ರಲ್ಲಿ ಫಲಿತಾಂಶ ಬಂದ ಒಂದು ಟ್ರಯಲ್‌ನಲ್ಲಿ ಸುಮಾರು 4,000 ಹೃದ್ರೋಗಿಗಳಿದ್ದರು. ಅವರಲ್ಲಿ ಒಂದು ಗುಂಪಿಗೆ ವರ್ಷವಿಡೀ ವಾರಕ್ಕೊಮ್ಮೆ ಅಜಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟರು. ಏನೂ ಪ್ರಯೋಜನ ಆಗಲಿಲ್ಲ. ಬ್ಯಾಕ್ಟೀರಿಯಾ ಸತ್ತರೂ ವಿಷ ಉಳಿಯುವುದೊಂದೇ ಇದಕ್ಕೆ ಕಾರಣ ಎನ್ನಲು ಬರುವುದಿಲ್ಲ, ಆದರೆ ಎಂಡೋಟಾಕ್ಸಿನ್ ಲ್ಯಾಬ್‌ನಲ್ಲಿ ಇರುವವರಿಗೆ ಇದು ಅಷ್ಟೇನೂ ಅಚ್ಚರಿ ಅಲ್ಲ. ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಒಂದು ಕೆಲಸ, ಉರಿಯೂತ ಇಳಿಸುವುದು ಬೇರೆಯೇ ಕೆಲಸ.

ಆ ಎರಡನೆಯದನ್ನೇ ನೇರವಾಗಿ ಹಿಡಿದದ್ದು 2017ರ ಕ್ಯಾಂಟೋಸ್ ಟ್ರಯಲ್. ಹಾರ್ಟ್ ಅಟ್ಯಾಕ್ ಆಗಿ, ಸಿಆರ್‌ಪಿಯೂ ಜಾಸ್ತಿ ಇದ್ದ 10,061 ಜನ ಅದರಲ್ಲಿದ್ದರು. ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಔಷಧಿಯ 150 ಮಿಲಿಗ್ರಾಂ ಡೋಸ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾಗಿ 15 ಶೇಕಡಾ ಕಡಿಮೆಯಾದವು. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಇಳಿದಿರಲೇ ಇಲ್ಲ! ಆದರೆ ಔಷಧಿ ಪಡೆದವರಲ್ಲಿ ಪ್ರಾಣ ತೆಗೆಯುವ ಸೋಂಕುಗಳೂ ಜಾಸ್ತಿಯಾದವು. ಉರಿಯೂತ ನಮ್ಮ ಕಾವಲೂ ಹೌದಲ್ಲ.

ಈ ನಡುವೆ “ನಿಮ್ಮ ರಕ್ತದ ಎಂಡೋಟಾಕ್ಸಿನ್ ಅಳೆದು ಕೊಡುತ್ತೇವೆ” ಎನ್ನುವ ಜಾಹೀರಾತು ತಂದು ತೋರಿಸುವವರಿದ್ದಾರೆ. ಇಲ್ಲಿ ಮಾತ್ರ ನಾನು ಸ್ವಲ್ಪ ಖಾರವಾಗಿಯೇ ಮಾತಾಡುತ್ತೇನೆ. ಹಾರ್ಸ್‌ಶೂ ಏಡಿಯ ರಕ್ತದಿಂದ ಮಾಡುವ ಎಲ್‌ಎಎಲ್ ಟೆಸ್ಟ್ ನೀರಿನಲ್ಲಿ ಬಹಳ ಚೆನ್ನಾಗಿ ನಡೆಯುತ್ತದೆ. ಮನುಷ್ಯರ ರಕ್ತದಲ್ಲಿ ಹಾಗಲ್ಲ. ಅಲ್ಲಿನ ಪ್ರೋಟೀನ್‌ಗಳು ಎಂಡೋಟಾಕ್ಸಿನ್‌ಗೆ ಅಂಟಿಕೊಂಡು ಅದನ್ನು ಮರೆಮಾಡುತ್ತವೆ. ಶಿಲೀಂಧ್ರಗಳ ಬೀಟಾ ಗ್ಲೂಕನ್ ಇದ್ದರೆ ವಿಷ ಇಲ್ಲದಿದ್ದರೂ ಟೆಸ್ಟ್ ಪಾಸಿಟಿವ್ ತೋರಿಸಬಹುದು. ನೀರಿನಂಥ ಸರಳ ಸ್ಯಾಂಪಲ್‌ಗೂ ನಾವು ಗೊತ್ತಿರುವಷ್ಟು ಎಂಡೋಟಾಕ್ಸಿನ್ ಬೆರೆಸಿ, ಅದರಲ್ಲಿ 50ರಿಂದ 200 ಶೇಕಡಾ ವಾಪಸ್ ಸಿಗುತ್ತದಾ ಎಂದು ನೋಡುತ್ತೇವೆ. ಸಿಗದಿದ್ದರೆ ಆ ರಿಸಲ್ಟ್‌ಗೆ ಸಹಿ ಹಾಕುವುದಿಲ್ಲ. ರಕ್ತದ ರಿಪೋರ್ಟ್ ಕೊಡುವವರೂ ಆ ಅಂಕಿ ತೋರಿಸಲಿ, ಆಮೇಲೆ ಮಾತಾಡೋಣ.