‘ಯಾರನ್ನಾದ್ರೂ ಇಟ್ಕೊಂಡು ಕೆಲಸಕ್ಕೆ ಹೋಗಬಾರ್ದಾ?’ ಅಂತ ಕೇಳೋರಿಗೆ

ಮದುವೆ ಮನೆ, ನಾಮಕರಣ, ಮೊನ್ನೆ ತರಕಾರಿ ಅಂಗಡಿ ಮುಂದೆ ಕೂಡ ಇದೇ. "ಅಷ್ಟು ಒಳ್ಳೆ ಕೆಲಸ ಬಿಟ್ಟು ಮನೇಲಿ ಕೂತಿದ್ದೀಯಲ್ಲೇ, ಮಗು ನೋಡ್ಕೊಳೋಕೆ ಯಾರನ್ನಾದ್ರೂ ಇಟ್ಕೋಬಾರ್ದಾ?" ನಿಂತಲ್ಲೇ ಹೇಳಿ ಮುಗಿಯೋ ಮಾತಲ್ಲ, ಅದಕ್ಕೆ ಇಲ್ಲಿ ಬರೀತಿದ್ದೀನಿ.

ನನ್ನ ಮಗಳಿಗೆ ಇರೋದು ಡ್ರಾವೆ ಸಿಂಡ್ರೋಮ್, ಅಂದ್ರೆ ಎಳೇ ಮಗು ಇದ್ದಾಗಲೇ ಶುರುವಾಗೋ ಜೋರು ಫಿಟ್ಸ್ ಕಾಯಿಲೆ. ಷಾರ್ಲೆಟ್ ಡ್ರಾವೆ ಅಂತ ಫ್ರಾನ್ಸ್‌ನ ಡಾಕ್ಟರಮ್ಮ 1978ರಲ್ಲಿ ಇದರ ಬಗ್ಗೆ ಮೊದಲು ಬರೆದಿದ್ದಂತೆ. ನನ್ನ ಮಗಳಿಗೆ ಆರು ತಿಂಗಳಿದ್ದಾಗ ಒಂದಿನ ಹಂಡೆ ನೀರಲ್ಲಿ ಎಣ್ಣೆಸ್ನಾನ ಮಾಡಿಸಿ ಟವೆಲ್ ಸುತ್ತಿದ್ದೆ ಅಷ್ಟೇ, ಬಲಗೈ ಬಲಗಾಲು ಮಾತ್ರ ಅದುರೋಕೆ ಶುರುವಾಯ್ತು, ಆಸ್ಪತ್ರೆ ಮುಟ್ಟೋವರೆಗೂ ನಿಲ್ಲಲೇ ಇಲ್ಲ. ನಮ್ಮ ಮೈಸೂರು ಕಡೆ ತಲೆಗೆ ಬಿಸಿನೀರು ಹುಯ್ಕೊಂಡ್ರೆ ಫಿಟ್ಸ್ ಬರೋ ಕಾಯಿಲೆ ಬೇರೇನೇ ಒಂದಿದೆ, ಅದೇ ಇರ್ಬೇಕು ಅಂದ್ಕೊಂಡ್ವಿ. ಮುಂದೆ ಒಂದು ಕಡೆ ಕಾರ್ಬಮಜೆಪೈನ್ ಅನ್ನೋ ಫಿಟ್ಸ್ ಮಾತ್ರೆ ಕೊಟ್ರು, ವಾರಕ್ಕೊಂದು ಬರ್ತಿದ್ದಿದ್ದು ದಿನಾ ಬರೋಕೆ ಶುರುವಾಯ್ತು. ಜೀನ್ ಟೆಸ್ಟ್ ಆದ್ಮೇಲೆ ಗೊತ್ತಾಯ್ತು, ಎಸ್‌ಸಿಎನ್‌1ಎ ಅನ್ನೋ ಜೀನ್ ಕೆಟ್ಟಿದೆ, ಮಿದುಳಲ್ಲಿ ಬ್ರೇಕ್ ಹಾಕೋ ನರಕೋಶಗಳ ಸೋಡಿಯಂ ಚಾನೆಲ್ಲೇ (ಸೋಡಿಯಂ ಒಳಗೆ ಬಿಡೋ ಬಾಗಿಲು) ಸರಿಯಿಲ್ಲ, ಆ ಮಾತ್ರೆ ಅದನ್ನ ಇನ್ನಷ್ಟು ಮುಚ್ಚುತ್ತೆ ಅಂತ. (ನಿಮ್ಮ ತವರಲ್ಲಿ ಯಾರಿಗಿತ್ತು ಅಂತ ಕೇಳೋರಿಗೂ ಇಲ್ಲೇ ಹೇಳ್ಬಿಡ್ತೀನಿ, ಹೆಚ್ಚಿನ ಮಕ್ಕಳಲ್ಲಿ ಇದು ಅಪ್ಪ ಅಮ್ಮನಿಂದ ಬಂದಿದ್ದಲ್ಲ, ಹೊಸದಾಗಿ ಆಗಿರೋದು.)

ಈಗ ಆಯಾ ವಿಷಯ. ಇಟ್ಟಿದ್ವಿ, ಮೂರು ಜನಾನ. ಊಟ ಮಾಡಿಸೋದು, ಆಟ ಆಡಿಸೋದು ಯಾರ ಕೈಲಾದ್ರೂ ಆಗುತ್ತೆ. ಆದ್ರೆ ಫಿಟ್ಸ್ ಬಂದ ಕ್ಷಣ ಗಡಿಯಾರ ನೋಡ್ಬೇಕು, ಪಕ್ಕಕ್ಕೆ ಮಲಗಿಸ್ಬೇಕು, ಬಾಯಿಗೆ ಏನೂ ಹಾಕಬಾರ್ದು, ಐದು ನಿಮಿಷಕ್ಕೂ ನಿಲ್ಲಲಿಲ್ಲ ಅಂದ್ರೆ ಮೂಗಿಗೆ ಫಿಟ್ಸ್ ನಿಲ್ಲಿಸೋ ಮಿಡಜೋಲಾಮ್ ಸ್ಪ್ರೇ. ಮೂರನೇಯವಳಿಗೆ ಎಲ್ಲ ಹೇಳ್ಕೊಟ್ಟಿದ್ದೆ, ಆದ್ರೂ ಆವತ್ತು ಗಾಬರೀಲಿ ಕೈಗೆ ಬೀಗದ ಕೀ ಕೊಟ್ಟು ಹಲ್ಲಿನ ಮಧ್ಯೆ ಚಮಚ ತುರುಕಿದ್ಲು, ಒಂದು ಹಲ್ಲು ಮುರೀತು. ಅವಳನ್ನ ಬಯ್ಯೋಕೂ ಮನಸ್ಸು ಬರಲಿಲ್ಲ, ಕೈ ನಡುಗ್ತಿತ್ತು ಪಾಪ, ಸಂಜೆಗೇ ಬಿಟ್ಟು ಹೋದ್ಲು. ಜ್ವರ ಬಂದ್ರೂ, ಗೆರೆಗೆರೆ ಇರೋದನ್ನ ದಿಟ್ಟಿಸಿದ್ರೂ ಇವಳಿಗೆ ಫಿಟ್ಸ್ ಬರಬಹುದು; ಕಿವಿ ಹಿಂದೆ ಮುಟ್ಟಿ ಜ್ವರ ಬರೋ ಹಂಗಿದೆ ಅಂತ ತಿಳ್ಕೊಳೋದು, ಕಿಟಕಿ ಸರಳನ್ನೇ ನೋಡ್ತಾ ಕೂತ್ರೆ ಎಬ್ಬಿಸಿ ಕರ್ಕೊಂಡು ಬರೋದು, ಇದಕ್ಕೆಲ್ಲ ಸಂಬಳ ಕೊಟ್ಟು ಜನ ಹುಡುಕೋದು ಹೆಂಗೆ ಹೇಳಿ?

ರಾತ್ರಿದೇ ದೊಡ್ಡ ಕಷ್ಟ. ಈ ಕಾಯಿಲೇಲಿ ನಿದ್ದೇಲೇ ಜೀವ ಹೋಗ್ಬಿಡೋದೂ ಇದೆ. ಎರಡು ಗಂಟೆವರೆಗೆ ನಾನು, ಆಮೇಲೆ ನಮ್ಮನೆಯವರು, ಹಂಗಾಗಿ ನಾವಿಬ್ರೂ ಒಟ್ಟಿಗೆ ಮಲಗಿ ಎಷ್ಟು ಕಾಲ ಆಯ್ತೋ. ಮಗ ಗಡಿಯಾರ ನೋಡೋಕೆ ಕಲಿತಿದ್ದೇ ತಂಗಿ ಫಿಟ್ಸ್‌ನಿಂದ, ದೊಡ್ಡ ಮುಳ್ಳು ಒಂದು ಅಂಕಿ ದಾಟಿದ್ರೆ ಸ್ಪ್ರೇ ಅಂತ. ಈಗ ಹನ್ನೊಂದು ವರ್ಷ ಅವನಿಗೆ, ಸ್ಕೂಲ್ ಟೂರ್‌ಗೆ ಹೋಗು ಅಂದ್ರೆ "ನಾನಿಲ್ದಾಗ ಟೈಮ್ ಯಾರು ನೋಡ್ತಾರೆ?" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಅತ್ತೆ ಹೇಳಿದ್ರು, "ನಾನು ನೋಡ್ತೀನಿ ಹೋಗೋ." ಮೊದಮೊದಲು ಕೀ ಹುಡುಕ್ತಿದ್ದೋರು ಅವರೇ, ಈಗ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತೋದು ಕಲ್ತಿದ್ದಾರೆ.

ಕೆಲಸ ಪೂರ್ತಿ ಬಿಟ್ಟಿಲ್ಲ ನಾನು, ಇಬ್ರು ಅಂಗಡಿಯವರ ಜಿಎಸ್‌ಟಿ ಲೆಕ್ಕ ಮನೇಲೇ ಮಾಡ್ಕೊಡ್ತೀನಿ. ಇಷ್ಟು ದಿನದಲ್ಲಿ ಆ ಪ್ರಶ್ನೆ ಕೇಳದೇ "ಸ್ಪ್ರೇ ಹಾಕೋದು ಹೆಂಗೆ ತೋರ್ಸು" ಅಂದಿದ್ದು ನನ್ನ ಚಿಕ್ಕಮ್ಮನ ಮಗಳು ಒಬ್ಳೇ. ಶನಿವಾರ ಬರ್ತಾಳೆ. ಹೋದ ವಾರ ಅವಳು ಬಂದಾಗ ರೂಮ್ ಬಾಗಿಲು ಹಾಕ್ಕೊಂಡು ಮೂರು ಗಂಟೆ ಮಲಗಿದ್ದೆ.