ಚಿಪ್ಪುಹಂದಿ ಎಲ್ಲಿ ಹೋಯ್ತು?

ಮಗಳಿಗೆ ರಾತ್ರಿ ಹೇಳುವ ಪತ್ತೇದಾರಿ ಕಥೆಯನ್ನು ಈಗ ಬರೆದಿಡುತ್ತಿದ್ದೇನೆ. ತೀರ್ಥಹಳ್ಳಿ ಕಡೆಯ ಇಬ್ಬರು ಮಕ್ಕಳು, ಅಡಿಕೆ ತೋಟದ ಅಂಚಿನಿಂದ ಕಾಣೆಯಾದ ಒಂದು ಚಿಪ್ಪುಹಂದಿ.

ಮೊದಲ ಸುಳಿವು ಹುಡುಕಲು ಮೊನ್ನೆ ನಮ್ಮ ಸೊಪ್ಪಿನ ಬೆಟ್ಟಕ್ಕೇ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿಗೇ, ಹೋಗಿದ್ದೆ. ಹುತ್ತದ ಬುಡ ಬಗೆದಿತ್ತು. ಹಸಿ ಕೆಮ್ಮಣ್ಣಿನಲ್ಲಿ ಉದ್ದುದ್ದ ಉಗುರಿನ ಗೀರು. ಕರಡಿಯದ್ದೋ, ಚಿಪ್ಪುಹಂದಿಯದ್ದೋ? ಬೆರಳಿಟ್ಟು ನೋಡಿದೆ, ಮೈ ಜುಂ ಎಂದಿತು.

ಪಾಪ, ಚಿಪ್ಪುಹಂದಿಗೆ ಹಲ್ಲೇ ಇಲ್ಲ. ಗೆದ್ದಲು, ಇರುವೆಯನ್ನು ನಾಲಿಗೆಯಲ್ಲೇ ನೆಕ್ಕಿ ತಿನ್ನುತ್ತದೆ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಕಳ್ಳನಿಗೆ ಹಾಗೇ ಎತ್ತಿ ಚೀಲಕ್ಕೆ ಹಾಕೋದು ಸುಲಭ ಅಲ್ವಾ? 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆಯಿದೆ. ಆದರೂ ಚಿಪ್ಪಿಗಾಗಿ ಹಿಡಿಯುತ್ತಾರೆ. ಬರೆಯುವಾಗ ಹೊಟ್ಟೆ ಉರಿಯುತ್ತದೆ.

"ಅಮ್ಮ, ಅದು ವಾಪಸ್ ಬರುತ್ತಲ್ವಾ?" ಮಗಳು ದಿನಾ ಕೇಳುತ್ತಾಳೆ. ಮೂರನೇ ಅಧ್ಯಾಯದಲ್ಲಿ ಗೋಣಿಚೀಲ ಬಿಚ್ಚಿಸುತ್ತೇನೆ.